ನಾಲ್ಕನೇ ಬಾಸ್ ಯಾವ ಹಾಡಿಗೆ?

ಮೊನ್ನೆ ರಾತ್ರಿ ಊಟ ಆಗಿ ಮೊಬೈಲ್ ನೋಡ್ತಾ ಇರುವಾಗ ಮಂಗಳೂರಿನವರೊಬ್ಬರು ಸೆಕೆಂಡ್ ಹ್ಯಾಂಡ್ ಜಾಝ್ ಬಾಸ್, ಅಂದ್ರೆ ಒಂದು ಮಾದರಿಯ ಬಾಸ್ ಗಿಟಾರ್, ಮಾರ್ಲಿಕ್ಕೆ ಹಾಕಿದ್ದು ಕಂಡಿತು. ಸನ್‌ಬರ್ಸ್ಟ್ ಬಣ್ಣ, ತಂತಿಯ ನಾದ ಹಿಡಿಯುವ ಪಿಕಪ್ ಎರಡು, 38 ಸಾವಿರ. ನೀರ್ಚಾಲಿನಿಂದ ಬೆಳಗ್ಗಿನ ಬಸ್ಸಿಗೆ ಹೊರಟ್ರೆ ಸಂಜೆ ಒಳಗೆ ಅದನ್ನು ಮನೆಗೆ ತರ್ಬಹುದು ಅಂತ ಲೆಕ್ಕವೂ ಹಾಕಿ ಆಯ್ತು. ಮನೆಯಲ್ಲಿ ಈಗ್ಲೇ ಮೂರು ಉಂಟು.

ಮೊದಲನೇದ್ದು ಪ್ರೆಸಿಷನ್ ಮಾದರಿ, ಅಡಿಕೆ ಮಾರಿದ ವರ್ಷ ಅಪ್ಪ ಕೊಟ್ಟ ಹಣದಲ್ಲಿ ತೆಗೊಂಡದ್ದು. ಎರಡನೇದ್ದು ಐದು ತಂತಿಯದ್ದು, ಕೆಳಗಿನ ಬಿ ಸ್ವರ ಬೇಕೇ ಬೇಕು ಅಂತ ಆಗ ಹಠ, ಆದ್ರೆ ಆ ಬಿ ಸುಮಾರು 31 ಹರ್ಟ್ಸ್, ಮಾಮೂಲಿ ನಾಲ್ಕು ತಂತಿಯ ಬಾಸಿನ ಅತಿ ಕೆಳಗಿನ ಇ ತಂತಿಯೇ 41, ನಮ್ಮ ರಸಮಂಜರಿಗೆ ಬರುವ ಬಾಡಿಗೆ ಸ್ಪೀಕರಿನಲ್ಲಿ ಅದು ಸ್ವರವಾಗಿ ಕೇಳುದಿಲ್ಲ, ಬರೀ ಗುಂಯ್ ಅಂತದೆ. ಮೂರನೇದ್ದು 30 ಇಂಚಿನ ಶಾರ್ಟ್ ಸ್ಕೇಲ್, ಅಂದ್ರೆ ತಂತಿಯ ಉದ್ದ ಕಡಿಮೆ ಇರುವಂಥದ್ದು. ಎಡಗೈ ಮಣಿಗಂಟು ನೋವಿದ್ದ ವರ್ಷ ತೆಗೊಂಡದ್ದು, ಅದು ಬೇಕಿತ್ತು.

ಆಸೆ ಪೂರ್ತಿ ಸುಳ್ಳು ಅಂತ ನಾನು ಹೇಳುದಿಲ್ಲ. ಅಮೇರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ತಂದು 1960ರಲ್ಲಿ ಜಾಝ್ ಬಾಸ್ ಮಾಡಿದ್ದು, ಎರಡಕ್ಕೂ ನಿಜವಾಗಿ ವ್ಯತ್ಯಾಸ ಉಂಟು. ಜಾಝಿನ ನೆಕ್, ಅಂದ್ರೆ ಕುತ್ತಿಗೆ, ತಲೆಯ ಕಡೆ ಸಪೂರ, ತಂತಿ ಕಟ್ಟುವ ಕೆಳತುದಿಯ ಬ್ರಿಜ್ ಹತ್ತಿರದ ಪಿಕಪ್ ಮಾತ್ರ ಇಟ್ಕೊಂಡ್ರೆ ಒಂದು ರೀತಿ ಮೂಗಿನ ಸ್ವರ ಬರ್ತದೆ, ಅದು ನನಗೆ ತುಂಬಾ ಇಷ್ಟ. ಆದ್ರೆ ಅಮೇರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬಾಸ್ ವಾದಕ ಜೇಮ್ಸ್ ಜೇಮರ್ಸನ್ ಅಲ್ಲಿಯ ಅಷ್ಟೊಂದು ಹಾಡುಗಳಿಗೆ ಹೆಚ್ಚಾಗಿ ನುಡಿಸಿದ್ದು 1962ರ ಒಂದು ಪ್ರೆಸಿಷನ್, ಬಲಗೈಯ ತೋರುಬೆರಳು ಒಂದರಲ್ಲೇ, ಮೇಲ್ಮೈ ನುಣುಪಾಗಿರುವ ಫ್ಲಾಟ್‌ವೌಂಡ್ ತಂತಿ, ಅದನ್ನೂ ತುಂಡಾಗದೆ ಬದಲಿಸ್ತಿರಲಿಲ್ಲ. ಅವರನ್ನು ಕೇಳುವಾಗೆಲ್ಲ ನನ್ನ ಮೊದಲನೇ ಬಾಸಿನ ನೆನಪಾಗ್ತದೆ.

ಈ ಆಟಿ ತಿಂಗಳ ಮಳೆಗಾಲದಲ್ಲಿ ಅದರ ಕೇಸ್ ತೆರೆದೆ. ಬೂಷ್ಟು ಹಿಡಿದ ವಾಸನೆ, ತಂತಿ ಮೇಲೆ ಬೆರಳು ಎಳೆದ್ರೆ ಕಂದು ಬಣ್ಣ ಅಂಟ್ತಿತ್ತು. ತುಂಬಾ ಬೇಜಾರಾಯ್ತು. ಇ ತಂತಿಯನ್ನು ಮೊದಲ ಫ್ರೆಟ್ಟಲ್ಲೂ (ನೆಕ್ ಮೇಲಿನ ಅಡ್ಡಪಟ್ಟಿ) ಕೊನೆಯ ಫ್ರೆಟ್ಟಲ್ಲೂ ಒತ್ತಿ ಹಿಡಿದು ನಡುವೆ ಏಳು ಎಂಟನೇ ಫ್ರೆಟ್ ಹತ್ತಿರ ನೋಡಿದ್ರೆ ವಿಸಿಟಿಂಗ್ ಕಾರ್ಡ್ ಎರಡು ತೂರುವಷ್ಟು ಸಂದು, ನೆಕ್ ಮುಂದಕ್ಕೆ ಬಾಗಿತ್ತು. ನೆಕ್ ಒಳಗಿನ ಲೋಹದ ಸಲಾಕೆ, ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಿ ಒಂದು ರಾತ್ರಿ ಬಿಟ್ಟೆ, ಮರುದಿನ ಇನ್ನೂ ಸ್ವಲ್ಪ. ಒಮ್ಮೆಲೇ ತಿರುಗಿಸ್ಲಿಕ್ಕೆ ಹೋಗ್ಬೇಡಿ, ಮರಕ್ಕೆ ಸಮಯ ಬೇಕು. ಆಮೇಲೆ ಫ್ಲಾಟ್‌ವೌಂಡ್ ತಂತಿ ತರಿಸಿ ಹಾಕಿದೆ. ಮೊದಲ ಸಲ ಎ ತಂತಿ ಮೀಟಿದಾಗ ಆ ದಪ್ಪ ದುಂಡು ಸ್ವರ, ಇಷ್ಟು ವರ್ಷ ನಾನು ಅಂಗಡಿ ಅಂಗಡಿಯಲ್ಲಿ ಹುಡುಕಿದ್ದು ಅದನ್ನೇ, ಅದು ನನ್ನ ಮಂಚದಡಿಯಲ್ಲೇ ಇತ್ತು.

ಮಾವ ಯಕ್ಷಗಾನಕ್ಕೆ ಮದ್ದಳೆ ಬಾರಿಸುವವರು. ಭಾಗವತರ ಶ್ರುತಿಗೆ ಮದ್ದಳೆ ಕೂಡದಿದ್ರೆ ಆಟವೇ ಕೆಡ್ತದೆ, ಅದಕ್ಕೆ ಅವರತ್ರ ಎರಡು ಉಂಟು, ಬೇರೆ ಬೇರೆ ಶ್ರುತಿಯದ್ದು. ಈ ಜಾಝ್ ಬಾಸಿನ ಫೋಟೋ ತೋರಿಸಿ "ಮಾವ, ನಿಮಗೆ ಮೂರನೇದ್ದು ಬೇಕು ಅಂತ ಕಾಣುದಿಲ್ವಾ" ಅಂತ ಕೇಳಿದೆ. "ಯಾವ ಭಾಗವತರಿಗೆ ಮಾರಾಯ?" ಅಂದ್ರು, ಅಷ್ಟೇ, ಪುನಃ ಬಾರು ಎಳೀಲಿಕ್ಕೆ ಶುರು.

ಬಾಸ್ ತೆಗೊಳ್ಳುವಾಗ ನಾನು ಹಾಗೆ ಒಮ್ಮೆಯೂ ಕೇಳಿಕೊಂಡಿರ್ಲಿಲ್ಲ. ಜಾಝ್ ಬಾಸ್ ನಮ್ಮ ಯಾವ ಹಾಡಿಗೆ? ಒಂದೂ ಹೊಳೀಲಿಲ್ಲ. ಫ್ರೆಟ್‌ಲೆಸ್ ಆದ್ರೆ ಬೇರೆ ಮಾತು, ನಾವು ಕಡೆಗೆ ಹೇಳುವ ಭಜನೆಯಲ್ಲಿ ಗಮಕದ ಜಾಗ ಉಂಟು, ಫ್ರೆಟ್ ಇರುವ ಬಾಸಿನಲ್ಲಿ ಅಲ್ಲಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಬರ್ತದೆ, ಜಾರುದಿಲ್ಲ. ಅದಕ್ಕೆ ಮುಂದೆ ಒಂದು ದಿನ ತೆಗೊಳ್ತೇನೆ, ಐದು ತಂತಿಯದ್ದನ್ನು ಕೊಟ್ಟು.

ಮಂಗಳೂರಿನವರಿಗೆ ಬೇಡ ಅಂತ ಮೆಸೇಜ್ ಹಾಕಿದೆ. ಶನಿವಾರ ಕುಂಬಳೆಯಲ್ಲಿ ಪ್ರೋಗ್ರಾಮ್, ಹಳೇದನ್ನೇ ಕೊಂಡುಹೋಗುದು. ಕೇಸಿನ ಝಿಪ್ ಹೋಗಿದೆ, ಮಳೆಗೆ ಸುತ್ತಲಿಕ್ಕೆ ಒಂದು ಟಾರ್ಪಾಲು ಹುಡುಕ್ಬೇಕು.