ಫೆಬ್ರವರಿ 12, 2025: ಕೋರ್ಟಿಗೆ ರಜೆ, ಅಂಚೆಗಿಲ್ಲ

ಸ್ಯಾನ್ ಹೋಸೆ, ಬುಧವಾರ ರಾತ್ರಿ

ಇವತ್ತು ಲಿಂಕನ್ ಹುಟ್ಟಿದ ದಿನ. ಕ್ಯಾಲಿಫೋರ್ನಿಯಾದ ರಾಜ್ಯ ಕೋರ್ಟುಗಳಿಗೆ ರಜೆ. ಬ್ಯಾಂಕಿಗಿಲ್ಲ, ಅಂಚೆಗಿಲ್ಲ, ಇದೇ ಊರಿನ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿಗೂ ಇಲ್ಲ. ಫೋನಿನ ಕ್ಯಾಲೆಂಡರು ಇದನ್ನ ಕೋರ್ಟ್ ರಜೆ ಅಂತ ತೋರಿಸದೇ ಇರಬಹುದು. ಅದನ್ನ ನಂಬಿ ದಿನ ಎಣಿಸಿದವರು ಕೆಡೋದು ಇಲ್ಲೇ.

ಊಟ ಆದ ಮೇಲೆ ಅತ್ತಿಗೆ ಫೋನು. ಕಮ್ಯುನಿಟಿ ಕಾಲೇಜಿನ ಪ್ಯಾರಾಲೀಗಲ್ (ವಕೀಲರ ಕೈಕೆಳಗಿನ ಕಾನೂನು ಸಹಾಯಕರು) ಕೋರ್ಸಿನ ಹೋಮ್‌ವರ್ಕು. "ಮೂರು ಸಲ ಎಣಿಸಿದೆ ಕಣಪ್ಪ, ಮೂರು ಉತ್ತರ ಬಂತು. ದಾವಣಗೆರೆಯಲ್ಲಿ ಆರು ವರ್ಷ ಕರಿ ಕೋಟು ಹಾಕಿದ್ದು ದಂಡ."

ಪ್ರಶ್ನೆ ಇಷ್ಟು: ಮೋಷನ್ನಿನ (ಕೋರ್ಟಿಗೆ ಹಾಕಿದ ಅರ್ಜಿಯ) ಹಿಯರಿಂಗ್ ಫೆಬ್ರವರಿ 21, ಶುಕ್ರವಾರ. ಎದುರು ಪಕ್ಷಕ್ಕೆ ಕಾಗದ ಮುಟ್ಟಿಸೋಕೆ ಕೊನೆ ದಿನ ಯಾವುದು? ಸಿವಿಲ್ ಪ್ರೊಸೀಜರ್ ಕೋಡಿನ 1005ನೇ ಸೆಕ್ಷನ್ ಪ್ರಕಾರ 16 ಕೋರ್ಟ್ ದಿನ (ಕೋರ್ಟು ತೆರೆದಿರೋ ದಿನ) ಮುಂಚೆ. ಹಿಯರಿಂಗ್ ದಿನ ಬಿಟ್ಟು ಹಿಂದಕ್ಕೆ ಎಣಿಸಬೇಕು: 20ನೇ ತಾರೀಕು ಒಂದು, 19 ಎರಡು, 18 ಮೂರು. ಬರೀ ಶನಿವಾರ ಭಾನುವಾರ ಬಿಟ್ಟು ಎಣಿಸಿದರೆ ಜನವರಿ 30. ಫೆಬ್ರವರಿ 17ರ ಪ್ರೆಸಿಡೆಂಟ್ಸ್ ಡೇ ನೆನಪಾದರೆ 29. ಇವತ್ತಿನ ಲಿಂಕನ್ ರಜೆಯನ್ನೂ ಬಿಟ್ಟರೆ 28, ಅದೇ ಸರಿ. ಅತ್ತಿಗೆಯ ಮೂರು ಉತ್ತರ ಇವೇ.

28 ಅನ್ನೋದು ಕೈಗೆ ಕೊಟ್ಟರೆ. ರಾಜ್ಯದೊಳಗೇ ಅಂಚೆಗೆ ಹಾಕಿದರೆ ಇನ್ನೂ 5 ದಿನ ಹಿಂದೆ, ಇವು ರಜೆ ಗಿಜೆ ನೋಡದ ಮಾಮೂಲಿ ದಿನ. ಜನವರಿ 23. ಇಮೇಲ್ ಮುಖಾಂತರವಾದರೆ 28ರಿಂದ ಎರಡು ಕೋರ್ಟ್ ದಿನ ಹಿಂದೆ, 24.

ಅತ್ತಿಗೆಗೂ ಅಂಚೆಗೆ 23 ಬಂದಿತ್ತು, ಆದರೆ ಲೆಕ್ಕ ತಲೆಕೆಳಗು. ಮೊದಲು 5 ದಿನ ಕಳೆದು, ಆಮೇಲೆ 16 ಕೋರ್ಟ್ ದಿನ ಎಣಿಸಿದ್ದಾರೆ. "ಉತ್ತರ ಸರಿ ಇದೆಯಲ್ಲ?" ಇದೆ, ಅದಕ್ಕೇ ಭಯ. ಹಿಯರಿಂಗ್ ಒಂದು ದಿನ ಮುಂಚೆ, 20ನೇ ತಾರೀಕು ಗುರುವಾರ ಇಟ್ಟುಕೊಂಡು ಎಣಿಸಿ ಅಂದೆ. ಸರಿ ದಾರೀಲಿ ಜನವರಿ 22, ಅವರ ದಾರೀಲಿ 23. ಒಂದು ದಿನ ತಡ. ಸೆಕ್ಷನ್ 12ಸಿ ಇರೋದೇ ಇದಕ್ಕೆ: ಮೊದಲು ಕೋರ್ಟ್ ದಿನ, ನಿಂತ ಜಾಗದಿಂದ ಅಂಚೆ ದಿನ.

"ಒಂದು ದಿನ ತಾನೆ? ನಮ್ಮಲ್ಲಾದ್ರೆ ವಿಳಂಬ ಮನ್ನಾ ಮಾಡಿ ಅಂತ ಒಂದು ಐ.ಎ. (ಮಧ್ಯಂತರ ಅರ್ಜಿ) ಹಾಕ್ತಿದ್ವಿ." ಇಲ್ಲೂ 473ನೇ ಸೆಕ್ಷನ್ ಅಂತ ಒಂದಿದೆ, ತಪ್ಪಾಯಿತು ಅಂತ ಕೇಳಿಕೊಳ್ಳೋಕೆ. ಆದರೆ ಆ ಅರ್ಜಿಗೆ ಸಹಿ ಹಾಕೋದು ವಕೀಲರು, ತಪ್ಪು ಎಣಿಸಿದವರಲ್ಲ.

ಇಲ್ಲಿ ಸ್ವಲ್ಪ ಹೊತ್ತು ಅತ್ತಿಗೆ ಸುಮ್ಮನಾದರು. ಪ್ಯಾರಾಲೀಗಲ್ ಆದವರು ಕಕ್ಷಿದಾರರಿಗೆ ಕಾನೂನು ಸಲಹೆ ಕೊಡೋ ಹಾಗಿಲ್ಲ, ಕೋರ್ಟಿನಲ್ಲಿ ಕಕ್ಷಿದಾರರ ಪರ ನಿಲ್ಲೋ ಹಾಗಿಲ್ಲ, ಫೀಸು ಗೊತ್ತು ಮಾಡೋ ಹಾಗಿಲ್ಲ. ಏನೇ ಮಾಡಿದರೂ ವಕೀಲರ ಉಸ್ತುವಾರಿಯಲ್ಲೇ. "ನನ್ನ ಕೇಸು ನಿಲ್ಲುತ್ತಾ ಮೇಡಂ ಅಂತ ಕೇಳಿದ್ರೆ?" "ವಕೀಲರನ್ನ ಕೇಳಿ ಹೇಳ್ತೀನಿ ಅನ್ನಬೇಕು." "ಉತ್ತರ ಗೊತ್ತಿದ್ರೂ?" "ಗೊತ್ತಿದ್ರೂ."

ಮತ್ತೆ ಲೆಕ್ಕಕ್ಕೇ ಬಂದರು, ಒಳ್ಳೇದಾಯಿತು. ಎದುರು ಪಕ್ಷದ ಆಕ್ಷೇಪಣೆಗೆ ಹಿಯರಿಂಗಿನಿಂದ 9 ಕೋರ್ಟ್ ದಿನ ಹಿಂದೆ: ಫೆಬ್ರವರಿ 6. ಅದಕ್ಕೆ ನಮ್ಮ ಮರುತ್ತರ 5 ಕೋರ್ಟ್ ದಿನ ಹಿಂದೆ: 13, ಅಂದರೆ ನಾಳೆ. ಈ ಎರಡಕ್ಕೂ ಅಂಚೆಯ 5 ದಿನ ಸೇರಿಸೋ ಲೆಕ್ಕ ಇಲ್ಲ. ಬದಲಿಗೆ, ಕೋರ್ಟಿಗೆ ಸಲ್ಲಿಸಿದ ಮರು ಕೆಲಸದ ದಿನ ಮುಗಿಯೋದರೊಳಗೆ ಎದುರಿನವರ ಕೈ ಸೇರೋ ಹಾಗೆ ಕಳಿಸಬೇಕು. ಮಾಮೂಲಿ ಸ್ಟ್ಯಾಂಪು ಹಚ್ಚಿ ಡಬ್ಬಕ್ಕೆ ಹಾಕಿದರೆ ಆಗಲ್ಲ. ಓವರ್‌ನೈಟ್ ಕೊರಿಯರ್, ಇಲ್ಲ ಕೈಯಾರೆ.

ಕಳಿಸಿದ್ದಕ್ಕೆ ಪ್ರೂಫ್ ಆಫ್ ಸರ್ವಿಸ್ (ಕಾಗದ ಕಳಿಸಿದೆ ಅಂತ ಸಹಿ ಹಾಕಿದ ಪತ್ರ) ಬೇರೆ. ಸಹಿ ಹಾಕೋರಿಗೆ 18 ತುಂಬಿರಬೇಕು, ಕೇಸಿನ ಪಕ್ಷದವರಾಗಿರಬಾರದು. ಅಂಚೆಗೆ ಹಾಕಿದ್ದಾದರೆ ಆ ಕೌಂಟಿಯಲ್ಲೇ ವಾಸವಿರಬೇಕು ಇಲ್ಲವೇ ಕೆಲಸದಲ್ಲಿರಬೇಕು. ಹೊಸಬರು ಮೋಷನ್ನಿನ ತಾರೀಕನ್ನೇ ಇದಕ್ಕೂ ನಕಲು ಮಾಡಿಬಿಡ್ತಾರೆ. ಲಕೋಟೆ ನಿಜವಾಗಿ ಡಬ್ಬಕ್ಕೆ ಬಿದ್ದ ದಿನ ಬೇಕು.

ಫೋನಿಟ್ಟ ಮೇಲೆ ಹೊಳೆದಿದ್ದು: ಪೂರ್ತಿ ವಿಚಾರಣೆ ಇಲ್ಲದೆ ತೀರ್ಪು ಕೇಳೋ ಸಮ್ಮರಿ ಜಡ್ಜ್‌ಮೆಂಟಿಗೆ ಲೆಕ್ಕವೇ ಬೇರೆ, ಅಲ್ಲಿ ಕೋರ್ಟ್ ದಿನ ಅಲ್ಲ, ಕ್ಯಾಲೆಂಡರ್ ದಿನ. ಹೋದ ವರ್ಷದ ತನಕ 75 ಇತ್ತು, ಈ ಜನವರಿ 1ರಿಂದ 81. ಆಕ್ಷೇಪಣೆ 14 ಇದ್ದದ್ದು 20 ಆಗಿದೆ, ಮರುತ್ತರ 5 ಇದ್ದದ್ದು 11. ಅತ್ತಿಗೆ ತಗೊಂಡಿರೋದು ಸೆಕೆಂಡ್‌ಹ್ಯಾಂಡ್ ಪುಸ್ತಕ. ಯಾವ ವರ್ಷದ್ದು ಅಂತ ಕೇಳಲೇ ಇಲ್ಲ. ಈಗ ಹನ್ನೊಂದೂವರೆ, ಮಲಗಿರ್ತಾರೆ