ತಡವಾಗಿ ಬಂದವನಿಗೆ ಮೊದಲ ಪೂಜೆ

ರಾಮೇಶ್ವರದಲ್ಲಿ ಮೊದಲ ಪೂಜೆ ಸಲ್ಲುವುದು ರಾಮ ಪ್ರತಿಷ್ಠಾಪಿಸಿದ ಲಿಂಗಕ್ಕಲ್ಲ, ಹನುಮಂತ ತಂದ ಲಿಂಗಕ್ಕೆ. ರಾವಣನನ್ನು ಕೊಂದ ದೋಷ ಕಳೆಯಲು ಶಿವಪೂಜೆ ಮಾಡಬೇಕೆಂದು ರಾಮ ನಿಶ್ಚಯಿಸಿದ. ಲಿಂಗ ತರಲು ಹನುಮಂತ ಕೈಲಾಸಕ್ಕೆ ಹಾರಿದ. ಮುಹೂರ್ತ ಮೀರುತ್ತಾ ಬಂದರೂ ಅವನ ಸುಳಿವಿಲ್ಲ. ಆಗ ಸೀತೆ ಕಡಲತಡಿಯ ಮರಳನ್ನೇ ಕೂಡಿಸಿ ಲಿಂಗ ಮಾಡಿದಳು, ಪೂಜೆ ನಡೆದುಹೋಯಿತು ಎನ್ನುತ್ತದೆ ಸ್ಥಳಪುರಾಣ. ಹಿಂದಿರುಗಿದ ಹನುಮಂತನಿಗೆ ತಡೆಯಲಾರದ ಸಂಕಟ. ಬಾಲ ಸುತ್ತಿ ಆ ಮರಳ ಲಿಂಗವನ್ನು ಕೀಳಲು ನೋಡಿದ, ಅದು ಅಲುಗಲಿಲ್ಲ. ರಾಮ ಗದರಲಿಲ್ಲ. ಹನುಮಂತನ ಲಿಂಗವನ್ನೂ ಸ್ಥಾಪಿಸಿ, ಮೊದಲ ಪೂಜೆ ಇದಕ್ಕೇ ಸಲ್ಲಲಿ ಎಂದ. ಇವತ್ತಿಗೂ ಹನುಮಂತ ತಂದ ವಿಶ್ವಲಿಂಗದ ಪೂಜೆಯಾದ ಮೇಲೆಯೇ ರಾಮಲಿಂಗದ ಸರದಿ.

ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ಚತುರ್ಧಾಮಗಳಲ್ಲಿ ಒಂದು ಎಂಬ ಹಿರಿಮೆಗಿಂತ ನನ್ನ ಮನಸ್ಸು ಕರಗುವುದು ಈ ಕ್ರಮಕ್ಕೆ. ರಾಮ ಮುಹೂರ್ತವನ್ನೂ ಬಿಡಲಿಲ್ಲ, ಭಕ್ತನನ್ನೂ ಬಿಡಲಿಲ್ಲ. ನಮ್ಮ ಕಡೆಯಿಂದ ಕಾಶಿ ರಾಮೇಶ್ವರಕ್ಕೆ ಹೊರಡುವವರಾದರೂ ಯಾರು? ಮಕ್ಕಳ ಮದುವೆ ಆಗಲಿ, ಮನೆಸಾಲ ತೀರಲಿ ಎಂದು ಮುಂದೂಡುತ್ತಾ ಮಂಡಿನೋವು ಶುರುವಾದ ಮೇಲೆ ಗಂಟು ಕಟ್ಟುವವರೇ ಹೆಚ್ಚು. ಅಂಥವರು ಇಲ್ಲಿ ಸಂಕೋಚಪಡಬೇಕಾಗಿಲ್ಲ.

ರಾಮೇಶ್ವರವಿರುವ ಪಾಂಬನ್ ದ್ವೀಪಕ್ಕೆ 1914ರಲ್ಲಿ ರೈಲು ಸೇತುವೆಯಾಯಿತು. ಅದು ಮುಪ್ಪಾಗಿ, 2025ರ ರಾಮನವಮಿಯಂದು ಪಕ್ಕದಲ್ಲೇ ಹೊಸದು ಉದ್ಘಾಟನೆಗೊಂಡಿತು. ಹಡಗು ಬಂದಾಗ ಇದರ ನಡುಭಾಗ ನೇರವಾಗಿ ಮೇಲೇಳುತ್ತದೆ. ಸೇತುವೆ ದಾಟುವಾಗ ರೈಲಿನಲ್ಲಿ ಮೊಬೈಲ್‌ ಹಿಡಿದವರೂ ಕೈಮುಗಿದವರೂ ಒಂದೇ ಕಿಟಕಿಗೆ ಮುಗಿಬೀಳುತ್ತಾರೆ. ರಾಮನ ಸೇತುವೆಯ ಊರಿಗೆ ಸೇತುವೆಯ ಮೇಲೆಯೇ ಹೋಗುವುದು ಎಷ್ಟು ಸರಿಯಾಗಿದೆ!

ತೀರ್ಥಸ್ನಾನವನ್ನು ಅವಸರದಲ್ಲಿ ಮುಗಿಸಬಾರದು. ಮೊದಲು ಅಗ್ನಿತೀರ್ಥ, ಅಂದರೆ ದೇವಸ್ಥಾನದ ಮೂಡಣದ ಸಮುದ್ರ. ಅಲ್ಲಿ ಮಿಂದು, ಉಪ್ಪುನೀರು ತೊಟ್ಟಿಕ್ಕುವ ಬಟ್ಟೆಯಲ್ಲೇ ಒಳಗಿನ ಇಪ್ಪತ್ತೆರಡು ತೀರ್ಥಗಳಿಗೆ ನಡೆಯಬೇಕು. ಹೆಚ್ಚಿನವು ಬಾವಿಗಳು. ಕಟ್ಟೆಯ ಮೇಲೆ ನಿಂತವರು ಹಗ್ಗ ಕಟ್ಟಿದ ಬಕೆಟ್ಟನ್ನು ಇಳಿಬಿಟ್ಟು ಸರಕ್ಕನೆ ಸೇದಿ ತಲೆಯ ಮೇಲೆ ಸುರಿಯುತ್ತಾರೆ. ಬೇಡಿಕೊಳ್ಳಬೇಕೆಂದುಕೊಂಡಿದ್ದೆಲ್ಲ ಮರೆತೇಹೋಗುತ್ತದೆ! ಮುಂದಿನ ಬಾವಿ ಎಲ್ಲಿ ಎಂದು ಹುಡುಕುತ್ತಾ ಅಜ್ಜಿಯರೂ ಮೊಮ್ಮಕ್ಕಳೂ ಕಲ್ಲುಹಾಸಿನ ಮೇಲೆ ಜಾರದಂತೆ ಕೈಕೈ ಹಿಡಿದು ನಡೆಯುತ್ತಾರೆ. ಕಡಲಿಗೆ ಕೂಗಳತೆಯಲ್ಲಿದ್ದರೂ ಈ ಬಾವಿಗಳ ನೀರು ಕಡಲಿನಷ್ಟು ಉಪ್ಪಲ್ಲ. ಒಂದರ ರುಚಿ ಇನ್ನೊಂದಕ್ಕಿಲ್ಲ. ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ ಎಂಬುದು ವಿಜ್ಞಾನ. ಅದನ್ನು ತಿಳಿದ ಮೇಲೂ ನನ್ನ ಬೆರಗು ಕಡಿಮೆಯಾಗಿಲ್ಲ.

ಒದ್ದೆ ಬಟ್ಟೆ ಬದಲಿಸಿದ ಮೇಲೆಯೇ ದರ್ಶನ. ಹೊರಪ್ರಾಕಾರದ ಸಾವಿರಕ್ಕೂ ಮಿಕ್ಕಿದ ಕಂಬಗಳ ಸಾಲನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ಕನ್ನಡಿಗರಿಗೆ ಇನ್ನೊಂದು ಆಪ್ತ ಸಂಗತಿ ಇದೆ: ಗರ್ಭಗುಡಿಯಲ್ಲಿ ಪೂಜಿಸುವ ಮಹಾರಾಷ್ಟ್ರ ಮೂಲದ ಅರ್ಚಕರಿಗೆ ದೀಕ್ಷೆ ನಮ್ಮ ಶೃಂಗೇರಿಯಿಂದ. ತಮಿಳು ನೆಲ, ಮರಾಠಿ ಮನೆತನ, ತುಂಗೆಯ ತೀರದ ಗುರುಪೀಠ, ಅಭಿಷೇಕಕ್ಕೆ ಗಂಗೆಯ ನೀರು!

ಅಬ್ದುಲ್ ಕಲಾಂ ಹುಟ್ಟಿದ್ದು ಈ ಊರಿನಲ್ಲೇ, 1931ರಲ್ಲಿ. ಸೀತಾರಾಮ ಕಲ್ಯಾಣಕ್ಕೆ ಉತ್ಸವಮೂರ್ತಿಗಳನ್ನು ರಾಮತೀರ್ಥದ ಕೊಳದ ನಡುವಿನ ಮಂಟಪಕ್ಕೆ ಕರೆದೊಯ್ಯುವ ದೋಣಿಗಳನ್ನು ಅವರ ಮನೆಯವರು ಒದಗಿಸುತ್ತಿದ್ದರೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ರಾಮನನ್ನು ನೀರು ದಾಟಿಸುವ ಭಾಗ್ಯ ಗುಹನಿಗೇ ಮುಗಿದುಹೋಗಿರಲಿಲ್ಲ.

ಊರಿನಿಂದ ಆಗ್ನೇಯಕ್ಕೆ ಧನುಷ್ಕೋಟಿ. 1964ರ ಡಿಸೆಂಬರಿನ ಚಂಡಮಾರುತ ಅಲ್ಲಿನ ಊರನ್ನು ಅಳಿಸಿತು, ಪ್ರಯಾಣಿಕರಿದ್ದ ರೈಲನ್ನೂ ನುಂಗಿತು. ಒಂದು ಕಡೆಯ ಶಾಂತ ಸಮುದ್ರವನ್ನು ಇಲ್ಲಿನವರು ಹೆಣ್ಣುಕಡಲು ಎನ್ನುತ್ತಾರೆ, ಇನ್ನೊಂದು ಕಡೆಯ ಅಬ್ಬರದ್ದನ್ನು ಗಂಡುಕಡಲು. ಹಾಳುಬಿದ್ದ ಚರ್ಚಿನ ಗೋಡೆಗಳ ನೆರಳಲ್ಲಿ ಶಂಖ, ಕಪ್ಪೆಚಿಪ್ಪಿನ ಸರ ಮಾರುವವರಿದ್ದಾರೆ. ಅಲ್ಲಿ ನನಗೆ ಯಾವ ಸ್ತೋತ್ರವೂ ಬಾಯಿಗೆ ಬರುವುದಿಲ್ಲ. ಸತ್ತವರ ಹೆಸರಿನಲ್ಲಿ ಒಂದು ಬೊಗಸೆ ನೀರು ಬಿಡುತ್ತೇನೆ, ಅಷ್ಟೆ.

ಆ ದಾರಿಯಲ್ಲೇ ಬಿರುಗಾಳಿಯನ್ನು ತಾಳಿ ಉಳಿದ ಕೋದಂಡರಾಮನ ಗುಡಿಯಿದೆ. ವಾಹನದವರು ಭೂಶಿರದ ತುದಿ ತಲುಪುವ ಆತುರದಲ್ಲಿ ಇಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ. ಹಟ ಹಿಡಿದು ನಿಲ್ಲಿಸಬೇಕು. ವಿಭೀಷಣ ಬಂದು ಶರಣಾದ ಜಾಗ ಇದೆಂಬ ನಂಬಿಕೆ. ಲಂಕೆಯಿಂದ ಬಂದವನನ್ನು ನಂಬಬಾರದೆಂದು ಸುಗ್ರೀವ ವಾದಿಸಿದ, ರಾಮ ಒಪ್ಪಲಿಲ್ಲ. ರಾಮ, ಸೀತೆ, ಲಕ್ಷ್ಮಣ, ಹನುಮಂತರ ಜೊತೆ ಒಳಗೆ ವಿಭೀಷಣನೂ ಇದ್ದಾನೆ. ಮಂಗಳಾರತಿಯಾದಾಗ ಅದೇ ದೀಪ ಅವನಿಗೂ ಬೆಳಗುತ್ತದೆ.