ಹಿಡಿ ಮಣ್ಣಿನ ಹದ

ಅಪೂರ್ಣತೆಯೇ ಮನುಷ್ಯನ ಆಯ್ಕೆಗೆ, ಬದುಕಿಗೆ ಅರ್ಥ ಕೊಡುತ್ತದೆ ಎಂಬ ಮಾತನ್ನು ಬಹಳ ದಿನ ನಾನು ಪೂರ್ತಿಯಾಗಿ ನಂಬಿದ್ದೆ. ಈಗ ಅರ್ಧ ಮಾತ್ರ ಒಪ್ಪುತ್ತೇನೆ. ಅದಕ್ಕೆ ಕಾರಣ ಚಳ್ಳಕೆರೆ ಕಡೆಯ ನಮ್ಮ ಖುಷ್ಕಿ ಹೊಲ, ಮತ್ತು ಅದರಲ್ಲಿ ವರ್ಷವೂ ಶೇಂಗಾ ಬಿತ್ತುವ ಅಪ್ಪ.

ನಮ್ಮ ಚಿತ್ರದುರ್ಗ ಜಿಲ್ಲೆಯ ಮಳೆಯನ್ನು ನಂಬುವುದೆಂದರೆ ಏನೆಂದು ವಾಣಿವಿಲಾಸ ಸಾಗರವನ್ನು ಕೇಳಬೇಕು. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಇಂಥ ಸೀಮೆಯಲ್ಲಿ, ಮುಂಗಾರಿನ ಒಂದು ಮಳೆ ಬಿದ್ದ ಮರುದಿನ ಅಪ್ಪ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಗೇಣುದ್ದ ಕೆದಕಿ, ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡುತ್ತಾರೆ. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಉದುರುವಂತಿದ್ದರೆ ಹದ. ಆದರೆ ಆ ಹದ ಹೇಳುವುದು ಇವತ್ತಿನ ಸಂಗತಿಯನ್ನಷ್ಟೇ. ಶೇಂಗಾ ಹೂ ಬಿಟ್ಟ ಮೇಲೆ ಬುಡದಿಂದ ಸೂಜಿಯಂಥ ಎಳೆ ಇಳಿದು, ಮಣ್ಣು ಹೊಕ್ಕು, ಅಲ್ಲಿ ಕಾಯಾಗಬೇಕು. ಆ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಗಟ್ಟಿಯಾದರೆ ಎಳೆ ಮೇಲೆಯೇ ಒಣಗುತ್ತದೆ. ಒಳಗೆ ಏನಾಗಿದೆಯೆಂಬುದು ಗಿಡ ಕೀಳುವವರೆಗೂ ಗೊತ್ತಾಗುವುದಿಲ್ಲ.

ಮುಂದಿನ ನಾಲ್ಕು ತಿಂಗಳ ಮಳೆ ಮೊದಲೇ ತಿಳಿದಿದ್ದರೆ ಅಪ್ಪನ ಬಿತ್ತನೆ ಬರೀ ಕೆಲಸವಾಗುತ್ತಿತ್ತು, ತೀರ್ಮಾನವಾಗುತ್ತಿರಲಿಲ್ಲ. ಇಲ್ಲಿಯವರೆಗೆ ಆ ಮಾತು ಸರಿ: ತಿಳಿಯದಿರುವ ಜಾಗದಲ್ಲಿಯೇ ಆಯ್ಕೆ ಎಂಬುದು ಹುಟ್ಟುತ್ತದೆ, ಬಿತ್ತಿದ ಬೀಜವನ್ನು ಮತ್ತೆ ಚೀಲಕ್ಕೆ ತುಂಬಲಾಗದು ಎಂಬುದರಿಂದಲೇ ಅದಕ್ಕೆ ತೂಕ ಬರುತ್ತದೆ. ಆದರೆ ಬೆಳೆ ಹೋದ ವರ್ಷ ಅವ್ವನ ಸರ ಗಿರವಿಗೆ ಹೋದಾಗ ಅದರಲ್ಲಿ ನನಗೆ ಯಾವ ಅರ್ಥವೂ ಕಾಣಲಿಲ್ಲ. ಕೊರತೆಯನ್ನು ಹೊಗಳುವವರು ಸಾಮಾನ್ಯವಾಗಿ ತಿಂಗಳ ಸಂಬಳದವರು; ನಾನೂ ಅವರಲ್ಲೊಬ್ಬ ಎಂಬುದನ್ನು ಮರೆತಿಲ್ಲ.

ಕೋಟೆಗೆ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಇದೇ ಯೋಚನೆ ಬರುತ್ತದೆ. ಏಳು ಸುತ್ತಿನ ಕೋಟೆಯಲ್ಲಿ ಒಬ್ಬರು ನುಸುಳುವಷ್ಟು ಒಂದು ಕಿಂಡಿ. ಅದಿಲ್ಲದಿದ್ದರೆ ಓಬವ್ವ ಎಲ್ಲಿರುತ್ತಿದ್ದಳು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆದರೆ ಹೈದರಾಲಿಯ ಸೈನಿಕರಿಗೂ ದಾರಿಯಾದದ್ದು ಅದೇ ಕಿಂಡಿ. ಕಲ್ಲಿನ ಸಂದಿಗೆ ಅವಳೂ ಒಂದೇ, ಅವರೂ ಒಂದೇ. ನೀರಿಗೆಂದು ಬಂದವಳು, ಊಟಕ್ಕೆ ಕೂತ ಕಾವಲಿನ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ನಿಂತಳು ಎನ್ನುತ್ತದೆ ಕಥೆ. ಆ ನಿಲ್ಲುವಿಕೆ ಅವಳದ್ದು, ಕಿಂಡಿಯದ್ದಲ್ಲ. ಮೇಲಾಗಿ 1779ರಲ್ಲಿ ಕೋಟೆ ಹೈದರನ ಕೈಸೇರಿತು. ಅವಳ ಆಯ್ಕೆ ಅದರಿಂದ ಸಣ್ಣದಾಯಿತೆಂದು ದುರ್ಗದಲ್ಲಿ ಯಾರೂ ಹೇಳುವುದಿಲ್ಲ.

ಕಳೆದ ಮುಂಗಾರಿನಲ್ಲಿ ಮೊಬೈಲಿನ ಹವಾಮಾನ ಆ್ಯಪ್ ತೆರೆದು, ನಾಳೆ ಮಳೆಯಾಗುವ ಸಾಧ್ಯತೆ ಶೇಕಡಾ 60 ಎಂದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇನ್ನ ನಲವತ್ತು ಯಾರ ಪಾಲಿಗಪ್ಪಾ?" ಎಂದು ಕೇಳಿದರು. ಆಮೇಲೆ ಬೀಜದ ಚೀಲದ ಬಾಯಿ ಬಿಚ್ಚಿ, ಒಡಕು ಕಾಳು ಆರಿಸಲು ಕೂತರು.